ಗಣಪನ ರಿಪೋರ್ಟು, ಜೋಕುಮಾರನ ರಿಪೋರ್ಟು

ಟೀವಿ ಕಾಮಿಡಿ ಅಂದ್ರೆ ಸಂಜೆ ಚಹಾದ ಜೊತೆ ಚುರುಮುರಿ ಇದ್ದಂಗೆ, ಹಗುರ ಇರಬೇಕು ಅನ್ನೋರು ಬಹಳ ಜನ. ದಿನಪೂರ್ತಿ ಮೀಟಿಂಗ್ ಮುಗಿಸಿ ಬಂದವರಿಗೆ ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ನನ್ನ ತಲೆಯಲ್ಲಿ ಉಳಿಯೋದು ಇನ್ನೊಂದು ಥರದ ಕಾಮಿಡಿ. ಸಾವು, ಸಾಲ, ಲಂಚ, ನೌಕರಿ ಹೋಗುವ ಭಯ ಇಂಥವನ್ನೇ ಹಿಡಿದು ನಗಿಸೋದು. ನಕ್ಕ ಮರುಗಳಿಗೆ ‘ಅಲಾ, ಇದಕ್ಯಾಕ ನಕ್ಕೆ ನಾ?’ ಅನ್ನಿಸೋದು. ಡಾರ್ಕ್ ಕಾಮಿಡಿ ಅಂತಾರಲ್ಲ, ಅದು.

‘ಇದು ಫಾರಿನ್ ಸರಕು, ನಮ್ಮ ಮಂದಿಗೆ ಹಿಡಿಸೋದಿಲ್ಲ’ ಅನ್ನೋರಿಗಾಗಿ ಈ ಸಲದ ಅಂಕಣ.

ಮೊದಲು ಕನ್ನಡದ್ದೇ ತಗೊಳ್ಳಿ. ಈಟಿವಿ ಕನ್ನಡ ನೋಡುತ್ತ ಬೆಳೆದ ನಮ್ಮ ವಯಸ್ಸಿನವರಿಗೆ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಗೊತ್ತೇ ಇದೆ. ಹೆಂಡತಿ ಕೈಯಲ್ಲಿ ಒದೆ ತಿನ್ನೋ ಗಂಡನ ಕತೆ. ಮನೆಮಂದಿಯೆಲ್ಲ ಕೂತು ನಗ್ತಿದ್ವಿ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಅದು ಮತ್ತೆ ಬಂತು. ಅದೇ ದೃಶ್ಯದಲ್ಲಿ ಗಂಡ ಹೆಂಡತಿಗೆ ಬಾರಿಸಿದ್ದರೆ? ಯಾರೂ ನಗ್ತಿರಲಿಲ್ಲ. ಯಾಕಂದ್ರೆ ಅದು ಪಕ್ಕದ ಮನೆಯಲ್ಲಿ ನಿಜವಾಗಿ ನಡೀತದೆ. ವಿಷಯ ಕತ್ತಲಿನದೇ, ಆದರೆ ಧಾರಾವಾಹಿ ಆ ಕಡೆ ತಿರುಗಿ ನೋಡಲಿಲ್ಲ. ಹೊಡೆತದ ಸದ್ದಿಗೇ ನಗು ಮುಗಿದು ಹೋಯ್ತು. ಡಾರ್ಕ್ ಕಾಮಿಡಿ ಆಗೋಕೆ ಏಟು ಇದ್ದರೆ ಸಾಲದು, ಏಟು ತಿಂದವರ ಮುಖವನ್ನೂ ತೋರಿಸಬೇಕು.

ಹಾಗೆ ತೋರಿಸಿದ್ದು ಒಂದು ಸಿನಿಮಾ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ರಾಮ್ ರೆಡ್ಡಿ ಅವರ ‘ತಿಥಿ’. ಮಂಡ್ಯ ಕಡೆಯ ಹಳ್ಳಿ, ನಟಿಸಿದವರು ಅಲ್ಲಿನ ಸಾಮಾನ್ಯ ಜನ. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ. ಜಮೀನು ಮಾರಲು ಹೊರಟ ಮೊಮ್ಮಗ ತಮ್ಮಣ್ಣ, ಇನ್ನೂ ಗಟ್ಟಿಮುಟ್ಟಾಗಿ ಅಡ್ಡಾಡಿಕೊಂಡಿರುವ ತನ್ನ ಅಪ್ಪ ಗಡ್ಡಪ್ಪನ ಡೆತ್ ಸರ್ಟಿಫಿಕೇಟಿಗೆ ಓಡಾಡ್ತಾನೆ. ನಗು ತಡೆಯೋಕಾಗಲ್ಲ. ಆದರೆ ಅಪ್ಪ-ಮಗನ ನಡುವೆ ಜಮೀನು ಬಂದರೆ ಏನಾಗ್ತದೆ ಅಂತ ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದು ಅತಿಯಾಯ್ತು ಅನ್ನಿಸ್ತಾ? ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಅವರನ್ನು ಸರ್ಕಾರಿ ದಾಖಲೆಯಲ್ಲಿ ನಿಜವಾಗಿಯೂ ಸತ್ತವರ ಪಟ್ಟಿಗೆ ಸೇರಿಸಿದ್ದರು. ಬದುಕಿದ್ದೀನಿ ಅಂತ ಸಾಬೀತು ಮಾಡಲು ಅವರು 1994ರ ತನಕ ಹೋರಾಡಿದರು, ಚುನಾವಣೆಗೂ ನಿಂತರು, ಹೆಸರಿಗೆ ‘ಮೃತಕ್’ ಅಂತ ಸೇರಿಸಿಕೊಂಡರು. 2001ರಲ್ಲಿ ಸಬ್ ಟೀವಿಯಲ್ಲಿ ಶುರುವಾದ ‘ಆಫೀಸ್ ಆಫೀಸ್’ನ ಮುಸದ್ದಿಲಾಲ್ ಕೂಡ ಇಂಥವರ ಬಳಗದವನೇ. ಪಂಕಜ್ ಕಪೂರ್ ಆ ಪಾತ್ರದಲ್ಲಿ ಒಮ್ಮೆಯೂ ಜೋಕ್ ಹೊಡೆಯೋದಿಲ್ಲ. ಕೈಯಲ್ಲಿ ಫೈಲು ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಅಲೀತಾನೆ, ಅಷ್ಟೇ.

ನಮ್ಮ ಅತನೂರ ಕಡೆ ಬಂದ್ರೆ ಇದಕ್ಕೆ ಸ್ಕ್ರಿಪ್ಟೇ ಬೇಡ. ತೊಗರಿ ಹೊಲದಾಗ ಕಳೆ ತೆಗೆದು ತೆಗೆದು ಮುದುಕಿಯ ಬೆರಳಿನ ಗೆರೆ ಸವೆದಿರ್ತದೆ. ಮಷಿನ್ ಮೇಲೆ ಹೆಬ್ಬೆಟ್ಟು ಇಟ್ಟರೆ ಮ್ಯಾಚ್ ಆಗಲ್ಲ. ಆಯಿ ಎದುರಿಗೇ ನಿಂತಾಳ, ಊರಿಗೆಲ್ಲ ಆಕಿ ಗೊತ್ತು, ಆದ್ರೆ ಸಿಸ್ಟಂ ಒಪ್ಪಲ್ಲ. ‘ಹಂಗಾರ ನಾ ಯಾರಪಾ ತಮ್ಮಾ?’ ಅಂತ ಆಕಿ ಕೇಳಿದ್ರೆ ಸಾಲಿನಲ್ಲಿ ನಿಂತವರೆಲ್ಲ ನಗ್ತಾರೆ, ಆಕಿನೂ ನಗ್ತಾಳೆ. ಕೋಡ್ ಬರೆಯೋ ನಾವು ಇದಕ್ಕೆ ‘ಆಥೆಂಟಿಕೇಶನ್ ಫೇಲ್ಯೂರ್’ ಅಂತ ಹೆಸರಿಟ್ಟು ಟಿಕೆಟ್ ಕ್ಲೋಸ್ ಮಾಡ್ತೀವಿ. ಆಕಿಗೆ ಅದು ಆ ತಿಂಗಳ ಅಕ್ಕಿ.

ಆಫೀಸಿನ ಕತೆ ಬೇಕೆನ್ನೋರು ‘ಸೆವೆರೆನ್ಸ್’ ನೋಡಿ. 2022ರಲ್ಲಿ ಆ್ಯಪಲ್ ಟೀವಿ ಪ್ಲಸ್‌ನಲ್ಲಿ ಶುರುವಾಯ್ತು. ಉದ್ಯೋಗಿಗಳ ಮಿದುಳಿನಲ್ಲಿ ಚಿಪ್ ಹಾಕಿ ನೆನಪನ್ನೇ ಎರಡು ಭಾಗ ಮಾಡಿರ್ತಾರೆ. ಆಫೀಸಿನೊಳಗಿನ ಮನುಷ್ಯನಿಗೆ ಮನೆ ಗೊತ್ತಿಲ್ಲ, ರಾತ್ರಿ ಇಲ್ಲ, ಭಾನುವಾರವೇ ಇಲ್ಲ. ಲಿಫ್ಟಿನಿಂದ ಹೊರಬಿದ್ದರೆ ಮತ್ತೆ ಲಿಫ್ಟಿನೊಳಗೇ. ಸಾಧನೆಗೆ ಬಹುಮಾನ ಒಂದು ವಾಫಲ್ ಪಾರ್ಟಿ! ನಮ್ಮ ಆಫೀಸುಗಳ ಪಿಜ್ಜಾ ಪಾರ್ಟಿ ನೆನಪಾಗಿ ನಗು ಬರ್ತದೆ, ಆಮೇಲೆ ಸಣ್ಣಗೆ ಹೊಟ್ಟೆ ಹಿಂಡ್ತದೆ.

ಇಂಥದ್ದೆಲ್ಲ ನೋಡುವಾಗ ನಾನು ಕೇಳಿಕೊಳ್ಳೋ ಪ್ರಶ್ನೆ ಒಂದೇ: ನಗು ಯಾರ ಮೇಲೆ ಬೀಳ್ತಾ ಇದೆ? ಬೆರಳು ಮ್ಯಾಚ್ ಆಗದ ಆಯಿ ಮೇಲೋ, ಆಕಿನ್ನ ನಿಲ್ಲಿಸಿದ ವ್ಯವಸ್ಥೆ ಮೇಲೋ? ಆಯಿ ಮೇಲೆ ಬಿದ್ದರೆ ಅದು ಬರೀ ಗೇಲಿ. ದಪ್ಪ ಇದ್ದವರು, ಕಪ್ಪು ಇದ್ದವರು, ‘ಹೌದಲೆ’ ಅಂತ ನಮ್ಮ ಕಡೆ ಮಾತಾಡೋರು ಇವರನ್ನು ಕಂಡರೆ ಸಾಕು ನಗಬೇಕು ಅನ್ನೋ ರಿಯಾಲಿಟಿ ಶೋಗಳಲ್ಲಿ ಎಷ್ಟೇ ಬಣ್ಣದ ಲೈಟ್ ಇದ್ದರೂ ನನಗೆ ಅವೇ ಹೆಚ್ಚು ಕತ್ತಲು ಅನ್ನಿಸ್ತವೆ.

ಇನ್ನು ಫಾರಿನ್ ಸರಕಿನ ಮಾತು. ಭಾದ್ರಪದದಲ್ಲಿ ಗಣಪ ಹೋದ ಮೇಲೆ ನಮ್ಮ ಉತ್ತರ ಕರ್ನಾಟಕದ ಊರುಗಳಿಗೆ ಜೋಕುಮಾರ ಬರ್ತಾನೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಮೂರ್ತಿ. ಅವನನ್ನು ಹೊತ್ತ ಹೆಣ್ಣುಮಕ್ಕಳು ಮನೆಮನೆ ಮುಂದೆ ಹಾಡ್ತಾರೆ. ಆ ಹಾಡುಗಳಲ್ಲಿ ಪೋಲಿತನವೂ ಇರ್ತದೆ. ಏಳು ದಿನದ ಆಯುಷ್ಯ, ಕೊನೆಗೆ ಕೊಲೆ, ಆಮೇಲೆ ಶೋಕ. ಜನಪದರು ಹೇಳೋ ಕತೆ ಏನಂದ್ರೆ, ಕಡುಬು ತಿಂದು ಹೋದ ಗಣಪ ಶಿವನಿಗೆ ‘ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ’ ಅಂತ ರಿಪೋರ್ಟ್ ಕೊಡ್ತಾನೆ. ಮಳೆ ಇಲ್ಲ, ಬೆಳೆ ಒಣಗಿದೆ, ಬಡವರು ಕಷ್ಟದಲ್ಲಿದ್ದಾರೆ ಅಂತ ಇದ್ದದ್ದು ಇದ್ದಂಗೆ ಹೇಳೋನು ಜೋಕುಮಾರ. ಹೇಳಿದ ಮೇಲೇ ಮಳೆ. ಹುಟ್ಟು, ಪೋಲಿತನ, ಸಾವು, ನಗು, ಅಳು ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಹೊತ್ತ ಮಂದಿಗೆ ಡಾರ್ಕ್ ಕಾಮಿಡಿ ಹಿಡಿಸೋದಿಲ್ಲ ಅಂದ್ರೆ ನಾನಂತೂ ನಂಬಲ್ಲ.

ನಮ್ಮ ಟೀವಿ ಕಾಮಿಡಿಗಳು ಸದ್ಯಕ್ಕೆ ಗಣಪನ ರಿಪೋರ್ಟನ್ನೇ ಕೊಡ್ತಾ ಇವೆ. ನನಗೆ ಬೇಕಿರೋದು ಅರ್ಧ ಗಂಟೆಯ ಒಂದು ಕನ್ನಡ ಧಾರಾವಾಹಿ. ಒಂದು ನಾಡಕಚೇರಿ, ಒಂದು ಕೆಟ್ಟ ಸರ್ವರ್, ಹೊರಗೆ ಸಾಲಾಗಿ ನಿಂತ ಜನ. ಎಲ್ಲರೂ ಕಲಬುರಗಿ ಕನ್ನಡ ಮಾತಾಡಲಿ, ಆದರೆ ಆ ಭಾಷೆಯೇ ಜೋಕ್ ಆಗದಿರಲಿ. ಹಿಂದೆ ನಗುವಿನ ಟ್ರ್ಯಾಕ್ ಹಾಕೋದು ಬ್ಯಾಡ, ಎಲ್ಲಿ ನಗಬೇಕು ಅನ್ನೋದು ನಮಗೆ ಗೊತ್ತದ.

ನಿಮ್ಮ ಊರಿನ ಯಾವ ಆಫೀಸಿನಲ್ಲಿ ಇದರ ಮೊದಲ ಎಪಿಸೋಡ್ ಶೂಟ್ ಮಾಡಬಹುದು? ಬರೆದು ಕಳಿಸಿ. ಒಳ್ಳೆಯವನ್ನು ಮುಂದಿನ ಅಂಕಣದಲ್ಲಿ ಹಂಚಿಕೊಳ್ಳೋಣ.