ತಂತಿಯ ಕೊನೆಯ ಪಂಪ್‌ಸೆಟ್ಟು

ನಮ್ಮ ಹೊಸಹೊಳಲಿನ ಕಡೆ ಪಂಪ್‌ಸೆಟ್ಟಿನ ಮೋಟಾರು ಸುಟ್ಟಿತೆಂದರೆ ಬೈಗುಳ ಮೊದಲು ಲೈನ್‌ಮ್ಯಾನಿಗೆ, ಆಮೇಲೆ ಸರ್ಕಾರಕ್ಕೆ. ಅವರ ಲೋಪವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿ ಮರೆತ ಶ್ರೇಣಿ ಮತ್ತು ಸಮಾಂತರ ಜೋಡಣೆಗಳ ಪಾಠ ನೆನಪಿದ್ದರೆ, ಸುಟ್ಟ ಮೋಟಾರಿನಲ್ಲಿ ನಮ್ಮ ಪಾಲೂ ಕಾಣುತ್ತದೆಂದು ನನ್ನ ಅಭಿಪ್ರಾಯ. ಬಿ.ಎ. ಓದುವವನಿಗೆ ಈ ಉಸಾಬರಿ ಏಕೆಂದು ಗೆಳೆಯರು ಕೇಳಬಹುದು. ಕರೆಂಟು ಕಲಾ ವಿಭಾಗವನ್ನು ಬಳಸಿಕೊಂಡು ಹೋಗುವುದಿಲ್ಲವಷ್ಟೆ!

ಜಾತ್ರೆಯ ಸೀರಿಯಲ್ ದೀಪ ಎಲ್ಲರೂ ಕಂಡದ್ದೇ. ಹಳೆಯ ಸರಗಳಲ್ಲಿ ಆರಾರು ವೋಲ್ಟಿನ ಸುಮಾರು 38 ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿದರೆ 230 ವೋಲ್ಟಿಗೆ ಸರಿಹೋಗುತ್ತಿತ್ತು. ಒಂದು ಕೆಟ್ಟರೆ ಸರವೆಲ್ಲ ಕತ್ತಲೆ. ಇದು ಶ್ರೇಣಿ: ಹರಿಯುವ ಕರೆಂಟು ಒಂದೇ, ವೋಲ್ಟೇಜು ಹಂಚಿಹೋಗುತ್ತದೆ. ಮನೆಯ ದೀಪಗಳದು ಸಮಾಂತರ ಜೋಡಣೆ. ಅಡಿಗೆಮನೆಯದು ಆರಿದರೂ ಪಡಸಾಲೆಯದು ಉರಿಯುತ್ತದೆ.

ಪಂಪ್‌ಸೆಟ್ಟುಗಳೂ ಸಮಾಂತರವೇ. ಆದ್ದರಿಂದಲೇ ಪ್ರತಿಯೊಬ್ಬನೂ ತನ್ನ ಕರೆಂಟು ತನ್ನದು, ಪಕ್ಕದವನ ಗೊಡವೆ ತನಗಿಲ್ಲ ಎಂದುಕೊಳ್ಳುತ್ತಾನೆ. ಆದರೆ ಟಿ.ಸಿ.ಯಿಂದ ಬರುವ ತಂತಿಗೂ ರೋಧವುಂಟು. ಅದು ಎಲ್ಲರೊಡನೆಯೂ ಶ್ರೇಣಿಯಲ್ಲಿದೆ. ಲೆಕ್ಕಕ್ಕಾಗಿ ತಂತಿಯ ರೋಧ 1 ಓಮ್, ಒಂದೊಂದು ಸಂಪರ್ಕದ ರೋಧ 23 ಓಮ್ ಎನ್ನೋಣ. ಒಬ್ಬನೇ ಹಾಕಿಕೊಂಡರೆ ಅವನಿಗೆ ಸುಮಾರು 220 ವೋಲ್ಟು ಸಿಗುತ್ತದೆ. ಹತ್ತು ಮಂದಿ ಹಾಕಿಕೊಂಡರೆ ಅವರ ಒಟ್ಟು ರೋಧ 2.3 ಓಮಿಗೆ ಇಳಿದು, ಎಲ್ಲರಿಗೂ ಉಳಿಯುವುದು 160 ವೋಲ್ಟು! ಮಿಕ್ಕ 70 ತಂತಿಯನ್ನು ಕಾಯಿಸಲು ಹೋಯಿತು. ಮೋಟಾರಿನ ನಿಜವಾದ ಲೆಕ್ಕ ಇನ್ನೂ ತೊಡಕಿನದು. ವೋಲ್ಟೇಜು ಕುಸಿದರೆ ಅದು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆದು, ಸುರುಳಿ ಕಾದು ಸುಡುತ್ತದೆ. ನೀರು ಸಾಲದೆಂದು ದೊಡ್ಡ ಮೋಟಾರು ಕೂರಿಸುವವನು ತಂತಿಯ ಕೊನೆಯಲ್ಲಿರುವವನಿಗೆ ಕೇಡು ಮಾಡುತ್ತಾನೆ.

ತಂತಿಯ ಈ ಸುಂಕ ಹೊಸದಲ್ಲ. 1902ರಲ್ಲಿ ನಮ್ಮ ಜಿಲ್ಲೆಯಂಚಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದಾಗ ವೋಲ್ಟೇಜನ್ನು ಬಹಳ ಏರಿಸಿಯೇ ಕಳಿಸಿದರು. ಕರೆಂಟು ಕಡಮೆಯಾದರೆ ದಾರಿಯ ನಷ್ಟವೂ ಕಡಮೆ.

ನಾಲೆಯ ನೀರಿಗೆ ಸರದಿ ಒಪ್ಪುವ ನಾವು ಕರೆಂಟಿಗೆ ಏಕೆ ಒಪ್ಪಬಾರದು? ಆಟೋ ಸ್ಟಾರ್ಟರುಗಳ ದೆಸೆಯಿಂದ, ಕರೆಂಟು ಬಂದ ಕ್ಷಣ ಎಲ್ಲ ಮೋಟಾರುಗಳೂ ಒಟ್ಟಿಗೆ ಹೊರಡುತ್ತವೆ; ಹೊರಡುವಾಗಲೇ ಮೋಟಾರು ಹಲವು ಪಟ್ಟು ಕರೆಂಟು ಎಳೆಯುವುದು. ಸಿಗುವುದೇ ಕೆಲವು ಗಂಟೆ, ಅದರಲ್ಲೂ ಸರದಿಯೇ ಎಂದು ಹಿರಿಯರು ಗದರಬಹುದು. ಅವರ ಸಂಕಟ ಸುಳ್ಳಲ್ಲ. ಆದರೂ ಐದೈದು ಮಂದಿಯ ಎರಡು ಪಾಳಿ ಮಾಡಿಕೊಂಡರೆ, ಮೇಲಿನ ಲೆಕ್ಕದ 160 ವೋಲ್ಟು 189ಕ್ಕೆ ಏರುತ್ತದೆ. ಅಷ್ಟೂ ಆಗದಿದ್ದರೆ ಸ್ಟಾರ್ಟರುಗಳನ್ನು ಎರಡೆರಡು ನಿಮಿಷ ಹಿಂದುಮುಂದಾಗಿ ಇಟ್ಟುಕೊಳ್ಳಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.