ಕುಕ್ಕರ್‌ಗೆ ಗ್ಯಾಸ್ಕೆಟ್ ಸಿಗುತ್ತೆ, ಡಿಶ್‌ವಾಷರ್‌ಗೆ ಚಕ್ರ ಯಾಕೆ ಸಿಗಲ್ಲ?

ಗ್ಯಾಸ್ಕೆಟ್ ಸಡಿಲ ಆಯ್ತು ಅಂತ ಯಾರಾದರೂ ಕುಕ್ಕರ್ ಬಿಸಾಡಿದ್ದು ನೋಡಿದ್ದೀರಾ? ನಾನಂತೂ ನೋಡಿಲ್ಲ. ಪಾತ್ರೆ ಅಂಗಡಿಗೆ ಹೋಗಿ ಯಾವ ಕಂಪನಿ, ಎಷ್ಟು ಲೀಟರ್ ಅಂತ ಹೇಳಿದರೆ ಸಾಕು. ಅಂಗಡಿಯವರು ಮೊಳೆಗೆ ನೇತುಹಾಕಿರೋ ಗೊಂಚಲಿನಿಂದ ಒಂದನ್ನ ತೆಗೆದು ಕೊಡ್ತಾರೆ. ಹಿಡಿ ಮುರಿದರೆ ಹಿಡಿ, ವಿಸಿಲ್ ಹೋದರೆ ವಿಸಿಲ್, ಸೇಫ್ಟಿ ವಾಲ್ವ್ ಹೋದರೆ ವಾಲ್ವ್. ಮಿಕ್ಸಿ ಜಾರಿನ ಬ್ಲೇಡ್, ಕೆಳಗಿನ ಕಪ್ಲರ್ ಕಥೆಯೂ ಅಷ್ಟೇ. ಆದರೆ ಅದೇ ಅಡುಗೆಮನೆಯಲ್ಲಿ ಇವೆರಡಕ್ಕಿಂತ ಹತ್ತಾರು ಪಟ್ಟು ದುಬಾರಿಯಾದ ಡಿಶ್‌ವಾಷರ್‌ನ ಮೇಲಿನ ರ್ಯಾಕ್ ಕೆಟ್ಟಾಗ ಮಾತ್ರ, ಮೋಟಾರ್ ಚೆನ್ನಾಗಿದ್ದರೂ, ಪಂಪ್ ಚೆನ್ನಾಗಿದ್ದರೂ, "ಹೊಸದನ್ನೇ ತಗೊಳ್ಳಿ" ಅನ್ನೋ ಮಾತು ಬರುತ್ತೆ.

ಇದನ್ನ ಸರ್ವೀಸ್ ಸೆಂಟರ್‌ನವರ ತೊಂದರೆ ಅಂತ ಸುಮ್ಮನಾಗೋ ಹಾಗಿಲ್ಲ ಅನ್ನೋದು ನನ್ನ ವಾದ. ಸವೆದೇ ಸವೆಯುತ್ತೆ ಅಂತ ಗೊತ್ತಿರೋ ಭಾಗವನ್ನ ಬಿಡಿಯಾಗಿ ಬದಲಾಯಿಸೋಕೆ ಬರದ ಹಾಗೆ ಮಾಡೋದು ಡಿಸೈನ್‌ನಲ್ಲೇ ಇರೋ ದೋಷ. ಡಿಸೈನ್ ದೋಷ ಅಂದಮೇಲೆ ಅದು ಇಂಜಿನಿಯರ್‌ಗಳ ವಿಷಯ, ಅಂದರೆ ನಮ್ಮ ವಿಷಯ.

"ಹಾಸ್ಟೆಲ್‌ನಲ್ಲಿ ನಮ್ಮ ತಟ್ಟೆ ನಾವೇ ತೊಳ್ಕೋತೀವಿ, ಡಿಶ್‌ವಾಷರ್ ಇರೋರ ಗೋಳು ನಮಗ್ಯಾಕೆ ಮಾರಾಯ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇನ್ನು ಐದಾರು ವರ್ಷಕ್ಕೆ ಇಂಥ ರ್ಯಾಕ್‌ನ ಡ್ರಾಯಿಂಗ್ ಮಾಡೋದು, ಅದರ ಪಾರ್ಟ್ಸ್ ಲಿಸ್ಟ್ ತಯಾರಿಸೋದು ನಮ್ಮ ಬೆಂಚಲ್ಲಿ ಕೂತಿರೋರೇ. ಅದೂ ಅಲ್ಲದೆ 2020ರ ಲಾಕ್‌ಡೌನ್‌ನಲ್ಲಿ ಮನೆಕೆಲಸದವರು ಬರೋಕಾಗದೇ ಇದ್ದಾಗ ನಮ್ಮ ಊರುಗಳ ಎಷ್ಟೋ ಮನೆಗೆ ಈ ಮಿಷನ್ ಬಂತು. ಅವುಗಳ ವಾರಂಟಿ ಮುಗಿದು, ಭಾಗಗಳು ಒಂದೊಂದಾಗಿ ಕೈಕೊಡೋ ಕಾಲ ಇದು.

ಬುಟ್ಟಿ ತಾನೇ, ಅದರಲ್ಲೇನಿದೆ ಅಂತ ಅನ್ನಿಸಬಹುದು. ಡಿಶ್‌ವಾಷರ್ ಇತಿಹಾಸ ನೋಡಿದರೆ ಈ ಬುಟ್ಟಿಗೆ ಇರೋ ಬೆಲೆ ಗೊತ್ತಾಗುತ್ತೆ. ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫಿನ್ ಕಾಕ್ರೇನ್ ಅನ್ನೋ ಮಹಿಳೆಗೆ 1886ರ ಡಿಸೆಂಬರ್ 28ರಂದು ಪಾತ್ರೆ ತೊಳೆಯೋ ಯಂತ್ರದ ಪೇಟೆಂಟ್ ಸಿಕ್ಕಿತು. ಅವರು ತಟ್ಟೆ, ಕಪ್ಪು, ಸಾಸರ್‌ಗಳ ಅಳತೆ ತಗೊಂಡು, ಅವಕ್ಕೆ ಸರಿಯಾಗಿ ತಂತಿಯ ಗೂಡುಗಳನ್ನ ಮಾಡಿದರು. ಪಾತ್ರೆಯನ್ನ ಗಟ್ಟಿಯಾಗಿ ಒಂದು ಕಡೆ ಹಿಡಿದಿಟ್ಟು ನೀರನ್ನ ರಭಸದಿಂದ ಹೊಡೆಯೋದು ಅವರ ಐಡಿಯಾ. ಅಂದರೆ ರ್ಯಾಕ್ ಈ ಮಿಷನ್‌ಗೆ ಆಮೇಲೆ ಸೇರಿಸಿದ ಪರಿಕರ ಅಲ್ಲ, ಮೊದಲ ದಿನದಿಂದ ಅದರ ಮುಖ್ಯ ಭಾಗ.

ಈಗ ಆ ರ್ಯಾಕ್ ಯಾಕೆ ಕೆಡುತ್ತೆ ಅಂತ ನೋಡೋಣ. ಎಷ್ಟೋ ಮಾಡೆಲ್‌ಗಳಲ್ಲಿ ಇದು ಮಾಮೂಲಿ ಉಕ್ಕಿನ ತಂತಿ. ತಂತಿಗಳನ್ನ ಒಂದಕ್ಕೊಂದು ವೆಲ್ಡ್ ಮಾಡಿ, ಮೇಲೆ ನೈಲಾನ್ ಅಥವಾ ಪಿವಿಸಿ ಕೋಟಿಂಗ್ ಕೊಡ್ತಾರೆ. ಒಳಗಡೆ ದಿನಾ 60ರಿಂದ 70 ಡಿಗ್ರಿ ಬಿಸಿನೀರು, ಜೊತೆಗೆ ಕ್ಷಾರ ಜಾಸ್ತಿ ಇರೋ ಡಿಟರ್ಜೆಂಟ್. ಸ್ಟೀಲ್ ಲೋಟದ ಅಂಚು ಒಂದೇ ಜಾಗಕ್ಕೆ ನೂರಾರು ಸಲ ತಾಗಿ ಕೋಟಿಂಗ್‌ನಲ್ಲಿ ಸಣ್ಣ ಗಾಯ ಆಗುತ್ತೆ. ನೀರು ಒಳಗಿಳಿಯುತ್ತೆ. ಆಮೇಲೆ ತುಕ್ಕು ಹೊರಗಿನಿಂದ ಕಾಣೋ ಮೊದಲೇ ಕೋಟಿಂಗ್‌ನ ಅಡಿಯಲ್ಲಿ ಹಬ್ಬುತ್ತಾ ಹೋಗುತ್ತೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುತ್ತೆ, ಹಾಗಾಗಿ ಅದು ಉಬ್ಬಿದಂತೆ ಕೋಟಿಂಗ್ ಇನ್ನಷ್ಟು ಬಿರಿಯುತ್ತೆ. ಕೊನೆಗೆ ಲೋಟದ ಮೇಲೆ ಕಂದು ಚುಕ್ಕೆ. ಉದುರಿದ ಚೂರುಗಳು ಫಿಲ್ಟರ್‌ಗೆ, ಸ್ಪ್ರೇ ಆರ್ಮ್‌ನ ತೂತುಗಳಿಗೆ ಸೇರಿಕೊಳ್ಳೋ ಸಾಧ್ಯತೆಯೂ ಇದೆ.

ಎರಡನೇ ಕಾಯಿಲೆ ಚಕ್ರದ್ದು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ರ್ಯಾಕ್‌ನ ಎರಡೂ ಬದಿಗೆ ಪ್ಲಾಸ್ಟಿಕ್ ಬ್ರ್ಯಾಕೆಟ್, ಅದರಲ್ಲಿ ಹಿಂದೊಂದು ಮುಂದೊಂದು ಚಕ್ರ, ಅವು ರೈಲಿನ ಮೇಲೆ ಓಡುತ್ತವೆ ಅಂದ್ಕೊಳ್ಳಿ. ರ್ಯಾಕ್ ಒಳಗಿದ್ದಾಗ ಭಾರ ಹಂಚಿಕೆಯಾಗುತ್ತೆ. ಪೂರ್ತಿ ಹೊರಗೆಳೆದಾಗ ಅದು ಕ್ಯಾಂಟಿಲಿವರ್. ಒಂದು ಊಹೆಯ ಲೆಕ್ಕ ಮಾಡಿ: ಪಾತ್ರೆಯೂ ಸೇರಿ ತೂಕ 8 ಕೆಜಿ, ಹಿಂದಿನ ಮತ್ತು ಮುಂದಿನ ಚಕ್ರದ ನಡುವೆ 10 ಸೆಂಮೀ, ಭಾರದ ಕೇಂದ್ರ ಮುಂದಿನ ಚಕ್ರಕ್ಕಿಂತ 15 ಸೆಂಮೀ ಆಚೆ. ಹಿಂದಿನ ಚಕ್ರದ ಸುತ್ತ ಮೊಮೆಂಟ್ ತಗೊಂಡರೆ ಮುಂದಿನ ಚಕ್ರಗಳ ಮೇಲೆ ಬೀಳೋದು 8 ಕೆಜಿ ಅಲ್ಲ, 20 ಕೆಜಿ! ಹಿಂದಿನ ಚಕ್ರಗಳು 12 ಕೆಜಿಯಷ್ಟು ಬಲದಿಂದ ರೈಲನ್ನ ಮೇಲಕ್ಕೆ ಒತ್ತುತ್ತವೆ. ಇಷ್ಟನ್ನೆಲ್ಲಾ ತಡ್ಕೊಳ್ಳೋದು ಬೆರಳ ಗಾತ್ರದ ಪ್ಲಾಸ್ಟಿಕ್ ಆಕ್ಸಲ್, ಅದೂ ದಿನಾ ಬಿಸಿನೀರಲ್ಲಿ ನೆಂದು. ಅದು ಒಂದು ದಿನ ಮುರಿಯೋದರಲ್ಲಿ ಆಶ್ಚರ್ಯ ಏನಿಲ್ಲ.

ಅಂದರೆ ಈ ಎರಡೂ ತೊಂದರೆ ಅಕಸ್ಮಾತ್ ಆಗೋವಲ್ಲ. ಡಿಸೈನ್ ಮಾಡಿದವರಿಗೆ ಮೊದಲೇ ಗೊತ್ತಿರೋವೇ. ಗೊತ್ತಿದ್ದೂ ಬಿಡಿ ಭಾಗ ಇಡದೇ ಇರೋದೇ ನನ್ನ ತಕರಾರು.

ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಮೇಲಿನ ರ್ಯಾಕ್‌ನ ಬಲಗಡೆಯ ಎರಡು ಚಕ್ರ ಮುರಿದವು. ಬಂದ ಟೆಕ್ನಿಷಿಯನ್ ಒಳ್ಳೆಯ ಮನುಷ್ಯ, ನೋಡಿದ ತಕ್ಷಣ ಕಾಯಿಲೆ ಹೇಳಿದರು. "ಮೇಡಂ, ಚಕ್ರ ಬಿಡಿಯಾಗಿ ಬರಲ್ಲ. ಫುಲ್ ಅಸೆಂಬ್ಲೀನೇ ಹಾಕ್ಬೇಕು. ಅದಕ್ಕಿಂತ ಎಕ್ಸ್‌ಚೇಂಜ್ ಆಫರ್ ಇದೆ, ನೋಡಿ" ಅಂದರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಎರಡು ಚಕ್ರಕ್ಕೆ ಪೂರಾ ಬುಟ್ಟಿ ತಗೋಬೇಕಾ?" ಅವರ ಹತ್ರ ಉತ್ತರ ಇರಲಿಲ್ಲ, ಇರೋಕೂ ಸಾಧ್ಯ ಇಲ್ಲ. ಯಾವ ಭಾಗಕ್ಕೆ ನಂಬರ್ ಕೊಟ್ಟು ಮಾರಬೇಕು, ಯಾವುದಕ್ಕೆ ಕೊಡಬಾರದು ಅನ್ನೋದು ಅವರ ಕೈಲಿಲ್ಲ. ಕೊನೆಗೆ ಅಸೆಂಬ್ಲಿಯನ್ನೇ ಆರ್ಡರ್ ಮಾಡಿದ್ವಿ. ಬರೋಕೆ ಐದು ವಾರ ಹಿಡಿಯಿತು. ಹಾಕೋಕೆ ಹಿಡಿದಿದ್ದು ಹತ್ತು ನಿಮಿಷ! ರೈಲಿನ ತುದಿಯ ಕ್ಲಿಪ್ ಬಿಚ್ಚಿ, ಹಳೇ ರ್ಯಾಕ್ ಎಳೆದು, ಹೊಸದನ್ನ ಕೂರಿಸಿ, ಕ್ಲಿಪ್ ಒತ್ತಿ, ಹಿಂದುಗಡೆಯ ನೀರಿನ ಪೈಪಿಗೆ ಸರಿಯಾಗಿ ಕೂತಿದೆಯಾ, ಸ್ಪ್ರೇ ಆರ್ಮ್ ತಿರುಗುತ್ತಾ ಅಂತ ನೋಡೋದು. ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ. ಹಳೇ ರ್ಯಾಕ್, ಅದರ ಎಡಗಡೆಯ ಒಳ್ಳೇ ಚಕ್ರಗಳ ಸಮೇತ ಗುಜರಿಗೆ ಹೋಯ್ತು.

ಎಲ್ಲ ಕಂಪನಿಗಳೂ ಹೀಗೇ ಅಂತ ನಾನು ಹೇಳ್ತಿಲ್ಲ. ಚಕ್ರ, ಕ್ಲಿಪ್, ಹೈಟ್ ಅಡ್ಜಸ್ಟರ್‌ಗಳನ್ನ ಬೇರೆಬೇರೆಯಾಗಿ ಮಾರೋರೂ ಇದ್ದಾರೆ. ಅವರಿಂದ ಆಗುತ್ತೆ ಅಂದಮೇಲೆ ಇದು ಆಗದ ಕೆಲಸ ಅಲ್ಲ ಅಂತಾಯ್ತಲ್ವಾ?

ಯೂರೋಪಿನಲ್ಲಿ ಇದನ್ನ ಕಂಪನಿಗಳ ಮರ್ಜಿಗೆ ಬಿಟ್ಟಿಲ್ಲ. 2021ರ ಮಾರ್ಚ್ 1ರಿಂದ ಯೂರೋಪಿಯನ್ ಒಕ್ಕೂಟದಲ್ಲಿ ಡಿಶ್‌ವಾಷರ್‌ಗಳಿಗೆ ಹೊಸ ನಿಯಮ ಜಾರಿಯಲ್ಲಿದೆ. ಒಂದು ಮಾಡೆಲ್‌ನ ಕೊನೆಯ ಮಿಷನ್ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಅದರ ರ್ಯಾಕ್, ಬುಟ್ಟಿ, ಸ್ಪ್ರೇ ಆರ್ಮ್, ಫಿಲ್ಟರ್, ಬಾಗಿಲಿನ ಸೀಲ್ ಸಿಗಬೇಕು. ರಿಪೇರಿಯವರಿಗಷ್ಟೇ ಅಲ್ಲ, ಮನೆಯವರಿಗೂ ಸಿಗಬೇಕು. ಆರ್ಡರ್ ಮಾಡಿದ 15 ಕೆಲಸದ ದಿನದೊಳಗೆ ಕಳಿಸಬೇಕು. ಫ್ರಾನ್ಸ್‌ನಲ್ಲಂತೂ ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ 10ಕ್ಕೆ ಅಂಕ ಕೊಡ್ತಾರೆ. 2022ರ ನವೆಂಬರ್‌ನಿಂದ ಅದು ಡಿಶ್‌ವಾಷರ್‌ಗೂ ಅನ್ವಯ. ನಾವು ಫ್ರಿಜ್ ತಗೊಳ್ಳೋವಾಗ ಸ್ಟಾರ್ ನೋಡ್ತೀವಲ್ಲ, ಅಲ್ಲಿನವರು ಜೊತೆಗೆ ಈ ಅಂಕವನ್ನೂ ನೋಡಬಹುದು.

ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಒಳ್ಳೆಯ ಹೆಜ್ಜೆ. ಕಂಪನಿಗಳ ಸರ್ವೀಸ್, ವಾರಂಟಿ, ಬಿಡಿ ಭಾಗಗಳ ಮಾಹಿತಿ ಒಂದೇ ಕಡೆ ಸಿಗಲಿ ಅನ್ನೋದು ಅದರ ಉದ್ದೇಶ. ಆದರೆ ಮಾಹಿತಿ ಕೊಡಿ ಅನ್ನೋದು ಬೇರೆ, ಭಾಗ ಕೊಡಲೇಬೇಕು ಅನ್ನೋದು ಬೇರೆ. ಮೊದಲನೆಯದು ಬಂದಿದೆ, ಎರಡನೆಯದು ಬರಬೇಕು.

ಕಂಪನಿಗಳ ಕಡೆಯ ವಾದವನ್ನೂ ಕೇಳೋಣ. ಪ್ರತಿಯೊಂದು ಚಕ್ರ, ಕ್ಲಿಪ್‌ಗೂ ನಂಬರ್ ಕೊಟ್ಟು ವರ್ಷಗಟ್ಟಲೆ ಗೋದಾಮಿನಲ್ಲಿ ಇಡೋದು ಖರ್ಚಿನ ಕೆಲಸ. ಒಂದೇ ಅಸೆಂಬ್ಲಿ ಆದರೆ ತಪ್ಪು ಭಾಗ ಹೋಗೋ ಭಯ ಇಲ್ಲ. ಚಕ್ರದ ಬೆಲೆಗಿಂತ ಟೆಕ್ನಿಷಿಯನ್ ಬಂದುಹೋಗೋ ಖರ್ಚೇ ಜಾಸ್ತಿ. ಇದರಲ್ಲಿ ಸತ್ಯ ಇದೆ. ಆದರೆ ಗೋದಾಮಿನಲ್ಲಿ ಚಕ್ರಕ್ಕೆ ಜಾಗ ಇಲ್ಲ ಅಂದರೆ ಅಷ್ಟು ದೊಡ್ಡ ಬುಟ್ಟಿಗೆ ಜಾಗ ಎಲ್ಲಿಂದ ಬಂತು? ಇದು ಕರೆಂಟ್ ಹರಿಯೋ ಬೋರ್ಡ್ ಅಲ್ಲ, ಮನೆಯವರೇ ಹಾಕ್ಕೊಂಡರೆ ಶಾಕ್ ಹೊಡೆಯೋ ಭಯ ಇಲ್ಲ. ಪೋಸ್ಟ್‌ನಲ್ಲಿ ಕಳಿಸಿದರೆ ಸಾಕು, ಟೆಕ್ನಿಷಿಯನ್ ಬರೋದೇ ಬೇಡ. ಇನ್ನು ಒಂದೇ ಕಂಪನಿಯ ಎಲ್ಲ ಮಾಡೆಲ್‌ಗೂ ಒಂದೇ ಅಳತೆಯ ಚಕ್ರ ಇಟ್ಟರೆ ನಂಬರ್‌ಗಳ ಗೋಜಲೂ ಕಮ್ಮಿಯಾಗುತ್ತೆ.

"ಅದೆಲ್ಲಾ ಯಾಕೆ, ಲ್ಯಾಬ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡ್ಬಿಡೋಣ" ಅನ್ನೋ ಗೆಳೆಯರು ನನಗೂ ಇದ್ದಾರೆ. ಉತ್ಸಾಹ ಒಳ್ಳೆಯದೇ. ಆದರೆ ನಾವು ಸಾಮಾನ್ಯವಾಗಿ ಬಳಸೋ ಪಿಎಲ್‌ಎ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತೆ. ಡಿಶ್‌ವಾಷರ್ ಒಳಗೆ ಅದು ಕೆಲವೇ ದಿನದಲ್ಲಿ ಸೊಟ್ಟಗಾಗುತ್ತೆ. ನೈಲಾನ್, ಪಾಲಿಪ್ರೊಪಿಲೀನ್ ಥರದ ವಸ್ತು ಬೇಕು, ಅವನ್ನ ಪ್ರಿಂಟ್ ಮಾಡೋದು ಅಷ್ಟು ಸುಲಭ ಅಲ್ಲ. ಲ್ಯಾಬ್ ಇರೋ ನಮಗೇ ಇಷ್ಟು ಕಷ್ಟ ಆದರೆ ಉಳಿದವರು ಏನು ಮಾಡಬೇಕು?

ಕೋಟಿಂಗ್ ವಿಷಯಕ್ಕೆ ಬಂದರೆ ನಮಗೆ ಹೊರದೇಶದ ಪಾಠವೇ ಬೇಕಿಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸೋದು ನಮ್ಮ ಅಜ್ಜಿಯಂದಿರಿಗೆ ಮಾಮೂಲು. ಕಲಾಯಿಯವರು ಬೀದಿಗೆ ಬರ್ತಿದ್ದರು, ತಿದಿ ಊದಿ ಪಾತ್ರೆ ಕಾಯಿಸಿ ಒಳಗೆ ತವರ ಬಳಿದು ಕೊಡ್ತಿದ್ದರು. ಒಳಗಿನ ಲೇಪನ ಸವೆಯುತ್ತೆ, ಪಾತ್ರೆ ಉಳಿಯುತ್ತೆ, ಹಾಗಾಗಿ ಲೇಪನವನ್ನ ಮಾತ್ರ ಮತ್ತೆ ಮಾಡಿಸು. ರ್ಯಾಕ್‌ನ ವಿಷಯವೂ ಅದೇ ಅಲ್ವಾ? ತುಕ್ಕು ಒಂದೆರಡು ಕಡ್ಡಿಯ ತುದಿಗೆ ಮಾತ್ರ ಹಿಡಿದಿದ್ದರೆ ಉಜ್ಜಿ ತೆಗೆದು, ಚೆನ್ನಾಗಿ ಒಣಗಿಸಿ, ರ್ಯಾಕ್‌ಗೆಂದೇ ಬರೋ ವಿನೈಲ್ ಲೇಪನ ಹಚ್ಚಿ, ತುದಿಗೆ ರಬ್ಬರ್ ಟೋಪಿ ಹಾಕಬಹುದು. ವೆಲ್ಡ್ ಬಿಟ್ಟು ತಂತಿಯೇ ತೆಳ್ಳಗಾಗಿದ್ದರೆ ಮಾತ್ರ ರ್ಯಾಕ್ ಬದಲಾಯಿಸೋದು ಸರಿ. ಆ ಲೇಪನದ ಸಣ್ಣ ಬಾಟಲಿಯನ್ನ ಮಿಷನ್ ಜೊತೆಗೇ ಕೊಟ್ಟರೆ ಕಂಪನಿಗೆ ಏನು ನಷ್ಟ?

ಕ್ಯಾಂಪಸ್‌ನಲ್ಲಿ ನಾವು ಮಾಡಬಹುದಾದ ಒಂದು ಕೆಲಸ ಇದೆ. ನಮ್ಮ ಮಿನಿ ಪ್ರಾಜೆಕ್ಟ್ ರಿವ್ಯೂಗಳಲ್ಲಿ ಎಫಿಶಿಯೆನ್ಸಿ ಎಷ್ಟು, ಖರ್ಚೆಷ್ಟು, ಹೊಸತೇನು ಅಂತೆಲ್ಲಾ ಕೇಳ್ತಾರೆ. ಅದರ ಜೊತೆ ಇನ್ನೂ ಮೂರು ಪ್ರಶ್ನೆ ಸೇರಲಿ. ನೀವು ಮಾಡಿದ್ದರಲ್ಲಿ ಮೊದಲು ಮುರಿಯೋದು ಯಾವುದು? ಅದನ್ನ ಬದಲಾಯಿಸೋಕೆ ಬಳಸೋರಿಗೆ ಎಷ್ಟು ನಿಮಿಷ ಬೇಕು? ಅದೊಂದನ್ನೇ ಕೊಳ್ಳೋಕಾಗುತ್ತಾ? ಮೆಕ್ಯಾನಿಕಲ್‌ನವರಿಗಷ್ಟೇ ಅಲ್ಲ, ಬ್ಯಾಟರಿಯನ್ನ ಅಂಟಿಸಿಬಿಡೋ ಎಲೆಕ್ಟ್ರಾನಿಕ್ಸ್‌ನವರಿಗೂ, ಬೇರೆಯವರ ಪಾರ್ಟ್ ಹಾಕಿದರೆ ಲಾಕ್ ಆಗೋ ಸಾಫ್ಟ್‌ವೇರ್ ಬರೆಯೋ ಕಂಪ್ಯೂಟರ್ ಸೈನ್ಸ್‌ನವರಿಗೂ ಇದೇ ಪ್ರಶ್ನೆ. ಮುಂದಿನ ಸೆಮ್‌ನಿಂದ ಈ ಪ್ರಶ್ನೆಗಳು ರಿವ್ಯೂ ಶೀಟ್‌ನಲ್ಲಿ ಇರಲಿ ಅಂತ ನಮ್ಮ ನಮ್ಮ ಡಿಪಾರ್ಟ್‌ಮೆಂಟ್‌ನ ಸರ್, ಮೇಡಂಗಳನ್ನ ಕೇಳೋಣ. ಒಪ್ಪದಿದ್ದರೂ ಪರವಾಗಿಲ್ಲ, ನಮ್ಮ ರಿಪೋರ್ಟ್‌ನ ಕೊನೇ ಪುಟದಲ್ಲಿ ನಾವೇ ಉತ್ತರ ಬರೆಯೋಣ. ಬೇಡ ಅನ್ನೋರು ಯಾರೂ ಇರಲ್ಲ.