ಕಡಮತ್ ದ್ವೀಪ: ಅಂದು ಹುರಿಹಗ್ಗ, ಇಂದು ಹೋಟೆಲ್ ಕೋಣೆ

1956ರ ನವೆಂಬರ್ 1 ಎಂದರೆ ನಮ್ಮ ಗಡಿನಾಡಿನವರಿಗೆ ಕಾಸರಗೋಡು ಕೈಬಿಟ್ಟುಹೋದ ದಿನ. ಅದೇ ದಿನ, ಅದೇ ದಕ್ಷಿಣ ಕನ್ನಡ ಜಿಲ್ಲೆಯಿಂದ ಇನ್ನೊಂದು ತುಂಡೂ ಹೋಯಿತೆಂಬುದು ಎಷ್ಟು ಮಂದಿಗೆ ನೆನಪಿದೆ? ಅರಬ್ಬಿ ಸಮುದ್ರದ ನಡುವಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಅವು. ಒಟ್ಟಿಗೆ ಅಮಿನಿದಿವಿ ಎಂದು ಹೆಸರು. ಅಲ್ಲಿಯವರೆಗೆ ಮಂಗಳೂರಿನಲ್ಲಿ ಕೂತ ಕಲೆಕ್ಟರೇ ಅವುಗಳಿಗೂ ದೊರೆ. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು, ಅಮಿನಿದಿವಿ ದಿಲ್ಲಿಯ ನೇರ ಆಡಳಿತಕ್ಕೆ ಹೋಯಿತು. 1973ರಿಂದ ಆ ಕೇಂದ್ರಾಡಳಿತ ಪ್ರದೇಶಕ್ಕೆ ಲಕ್ಷದ್ವೀಪ ಎಂದು ಹೆಸರು.

ಅಲ್ಲಿನ ಜನರ ಮಾತು ಮಲಯಾಳದ್ದೇ ಒಂದು ಬಗೆ. ಹಾಗಾಗಿ ಭಾಷೆಯ ಲೆಕ್ಕದಲ್ಲಿ ನಾವು ಹಕ್ಕು ಸಾಧಿಸುವ ಪ್ರಶ್ನೆಯೇ ಇಲ್ಲ. ಆದರೆ ವ್ಯಾಪಾರದ ಲೆಕ್ಕ, ಜಮೀನಿನ ಲೆಕ್ಕ ಬೇರೆ. ಆ ಐದರಲ್ಲೊಂದಾದ ಕಡಮತ್ ಈಗ ಪ್ರವಾಸಿಗಳ ದ್ವೀಪವಾಗಲು ಹೊರಟಿರುವಾಗ ನಮ್ಮ ರೈತರೂ ವ್ಯಾಪಾರಿಗಳೂ ಆ ಕಡೆ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದೆಂದು ನನಗನಿಸುತ್ತದೆ.

ದರ ಕಟ್ಟಿದವರು ಯಾರು?

ಕಡಮತ್ ಹೇಳಿ ಕೇಳಿ ಸಣ್ಣ ಜಾಗ. ಮೂರು ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ, ಉದ್ದಕ್ಕೆ ಎಳೆದ ಪಟ್ಟಿಯ ಹಾಗಿರುವ ಮರಳುನೆಲ. ಅತಿ ಅಗಲವಾದ ಕಡೆಯೂ ಅರ್ಧ ಕಿಲೋಮೀಟರಿನ ಆಸುಪಾಸು. 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 5,400 ಮಂದಿ. ತೆಂಗು ಮತ್ತು ಮೀನು, ಇವೆರಡೇ ಬದುಕು.

ಹಿಂದೆ ಈ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಡಳಿತ ಬೇಸತ್ತು ಅಮಿನಿಯ ಕಡೆಯ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. ಅಮಿನಿದಿವಿ ಗುಂಪು ಮೈಸೂರಿನ ಅಧೀನಕ್ಕೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಸರ್ಕಾರದ ಪಾಲಾಗಿ, ಮಂಗಳೂರಿನ ಕಚೇರಿಗೆ ಸೇರಿತು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಈ ನಂಟು ನಡೆಯಿತು. ಸ್ಥಳದಲ್ಲಿ ಮೊನೆಗಾರನೆಂಬ ಅಧಿಕಾರಿ, ಮೇಲೆ ಮಂಗಳೂರಿನ ಕಲೆಕ್ಟರು.

ಈ ನಂಟಿನ ತಿರುಳು ತೆಂಗಿನ ನಾರು. ದ್ವೀಪದ ಹೆಂಗಸರು ನಾರು ಬಡಿದು, ಹೊಸೆದು ಮಾಡಿದ ಹುರಿಹಗ್ಗದ ಮೇಲೆ ಸರ್ಕಾರದ್ದೇ ಏಕಸ್ವಾಮ್ಯವಿತ್ತು. ಓಡಗಳಲ್ಲಿ ಹಗ್ಗ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬರಬೇಕು, ಸರ್ಕಾರದ ಉಗ್ರಾಣಕ್ಕೇ ಒಪ್ಪಿಸಬೇಕು, ಅದಕ್ಕೆ ಬದಲಾಗಿ ಅಕ್ಕಿ ಮತ್ತು ಒಂದಿಷ್ಟು ಹಣ ಪಡೆದು ಮರಳಬೇಕು. ಹಗ್ಗದ ದರವನ್ನೂ ಅಕ್ಕಿಯ ದರವನ್ನೂ ಕಟ್ಟುವವರು ಒಬ್ಬರೇ! ಅಡಿಕೆ ಮಂಡಿಗೆ ಹೋಗಿ ಬಂದ ಯಾವ ರೈತನಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅರಕ್ಕಲ್ ಬೀಬಿಯ ಕಾಲವಿರಲಿ, ಕಂಪನಿಯ ಕಾಲವಿರಲಿ, ದ್ವೀಪದ ವಸ್ತುವಿಗೆ ಬೆಲೆ ನಿಂತದ್ದು ಕರಾವಳಿಯ ಮೇಜಿನ ಮೇಲೆ.

ಆದರೂ ಒಂದನ್ನು ಅವರು ಉಳಿಸಿಕೊಂಡರು. ಅದು ನೆಲ. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ದ್ವೀಪದ ಪದ್ಧತಿ ಸುಲಭವಾಗಿ ತಿಳಿಯುತ್ತದೆ. ತರವಾಡಿನ ಒಟ್ಟು ಆಸ್ತಿಗೆ ಅಲ್ಲಿ ‘ಶುಕ್ರವಾರದ ಸ್ವತ್ತು’ ಎನ್ನುತ್ತಾರೆ, ಅದು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಸ್ವಂತ ದುಡಿದು ಮಾಡಿದ್ದು ‘ಸೋಮವಾರದ ಸ್ವತ್ತು’. ಒಟ್ಟು ಆಸ್ತಿಯನ್ನು ಒಬ್ಬನೇ ಮಾರಿ ಕೈತೊಳೆದುಕೊಳ್ಳುವ ಹಾಗಿಲ್ಲ. ಇದರ ಮೇಲೆ 1964ರ ರಕ್ಷಣಾ ಕಾನೂನು ಬಂತು. ದ್ವೀಪವಾಸಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಅವರ ಜಮೀನು ಹೊರಗಿನವರಿಗೆ ಹೋಗದಂತೆ ಆ ಕಾನೂನು ಬೇಲಿ ಹಾಕಿತು. ಪರವಾನಗಿಯಿಲ್ಲದೆ ಹೊರಗಿನವರು ಒಳಗೆ ಕಾಲಿಡುವಂತೆಯೂ ಇಲ್ಲ.

ಮಾರಾಟವಿಲ್ಲ, ಗುತ್ತಿಗೆಯುಂಟು

ಪ್ರವಾಸೋದ್ಯಮ ಮೊದಲು ಕಾಲೂರಿದ್ದು ಜನವಸತಿಯಿಲ್ಲದ ಬಂಗಾರಂನಲ್ಲಿ. 1987ರ ಕೊನೆಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ರಜೆ ಕಳೆಯಲು ಅಲ್ಲಿಗೆ ಹೋಗಿದ್ದು ಸುದ್ದಿಯಾಯಿತು. ಮರುವರ್ಷ ಪಕ್ಕದ ಅಗತ್ತಿಯಲ್ಲಿ ವಿಮಾನ ನಿಲ್ದಾಣವಾಯಿತು. ಬಂಗಾರಂ ವಿದೇಶಿಯರಿಗೂ ತೆರೆಯಿತು. ಆದರೆ ಅಲ್ಲಿ ನಿತ್ಯ ವಾಸಿಸುವ ಸಂಸಾರಗಳೇ ಇರಲಿಲ್ಲವಾದ್ದರಿಂದ ಬಾವಿ ನೀರಿಗೆ ಜಗಳವಿಲ್ಲ, ದಾರಿಗೆ ಜಗಳವಿಲ್ಲ. ಕಡಮತ್ ಹಾಗಲ್ಲ, ಅದು ಊರು.

2021ರಲ್ಲಿ ಲಕ್ಷದ್ವೀಪದ ಆಡಳಿತವು ಮಿನಿಕಾಯ್, ಸುಹೇಲಿ, ಕಡಮತ್‌ಗಳಲ್ಲಿ ಮಾಲ್ದೀವ್ಸ್ ಮಾದರಿಯ ಐಷಾರಾಮಿ ವಸತಿಗೆ ಟೆಂಡರ್ ಕರೆಯಿತು. ಮೂರಕ್ಕೂ ಸೇರಿ ಅಂದಾಜು 806 ಕೋಟಿ ರೂಪಾಯಿ. ಕಡಮತ್‌ನ ಪಾಲು 110 ಕೋಣೆ, 240 ಕೋಟಿ. ಒಂದು ಕೋಣೆಗೆ ಎರಡು ಕೋಟಿಗೂ ಮೇಲೆ ಬಿತ್ತು ನೋಡಿ. 2023ರ ಜನವರಿಯಲ್ಲಿ ಟಾಟಾ ಸಮೂಹದ ಹೋಟೆಲ್ ಕಂಪನಿ ಸುಹೇಲಿ ಮತ್ತು ಕಡಮತ್‌ಗಳಲ್ಲಿ ತಾಜ್ ಹೋಟೆಲುಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಕಡಮತ್‌ನಲ್ಲಿ ದಡದ ಮೇಲೆ 75, ನೀರಿನ ಮೇಲೆ 35 ಮನೆಗಳು. 2026ಕ್ಕೆ ಆರಂಭ ಎಂದು ಆಗ ಹೇಳಿದ್ದರು. 2024ರ ಜನವರಿಯಲ್ಲಿ ಪ್ರಧಾನಿ ಮೋದಿ ಭೇಟಿಯ ಫೋಟೋಗಳು ಬಂದ ಮೇಲಂತೂ ಲಕ್ಷದ್ವೀಪದ ಹೆಸರು ಎಲ್ಲರ ಬಾಯಲ್ಲೂ ಓಡಾಡಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 1964ರ ಬೇಲಿ ಇರುವುದು ಜಮೀನು ಹೊರಗಿನವರ ಕೈಗೆ ಜಾರುವುದರ ವಿರುದ್ಧ. ಸರ್ಕಾರವೇ ಭೂಮಿ ವಶಮಾಡಿಕೊಂಡು ಗುತ್ತಿಗೆಗೆ ಕೊಟ್ಟರೆ ಆ ಬೇಲಿ ತಡೆಯುತ್ತದೆಯೇ? 2021ರ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಹೊರಬಂದಾಗ ದ್ವೀಪದ ಜನ ಬೀದಿಗಿಳಿದದ್ದು ಈ ಅಂಜಿಕೆಯಿಂದಲೇ. ಅದೇ ವರ್ಷ ಕೃಷಿ, ಮೀನುಗಾರಿಕೆ, ಶಿಕ್ಷಣ, ಆರೋಗ್ಯದಂಥ ಇಲಾಖೆಗಳ ಅಧಿಕಾರ ಜಿಲ್ಲಾ ಪಂಚಾಯಿತಿಯ ಕೈಯಿಂದ ಆಡಳಿತಾಧಿಕಾರಿಯ ಕಚೇರಿಗೆ ಹೋಯಿತು. 2025ರ ಜುಲೈಯಲ್ಲಿ ಬಿತ್ರ ದ್ವೀಪವನ್ನೇ ರಕ್ಷಣಾ ಉದ್ದೇಶಕ್ಕೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾಪ ಬಂತು. 2011ರ ಲೆಕ್ಕದಲ್ಲಿ ಅಲ್ಲಿದ್ದವರು 271 ಮಂದಿ. ಅಷ್ಟು ಜನರ ಮಾತಿಗೆ ತೂಕ ಎಷ್ಟು?

ನೀರಿನ ಲೆಕ್ಕ

ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ಸಿಹಿನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕೊಳಚೆ ಇಂಗಿದರೆ ಅದೂ ಅದೇ ಬಾವಿಗೆ. 2024ರ ಜನವರಿಯಲ್ಲಿ ಕಡಮತ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಉದ್ಘಾಟನೆಯಾಯಿತು. ದಿನಕ್ಕೆ ಒಂದೂವರೆ ಲಕ್ಷ ಲೀಟರು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ 5,400 ಮಂದಿಗೆ ಹಂಚಿದರೆ ತಲೆಗೆ 28 ಲೀಟರೂ ಆಗುವುದಿಲ್ಲ. ಅಂದರೆ ಒಂದೆರಡು ಕೊಡ. ಇಂಥಲ್ಲಿ 110 ಕೋಣೆಗಳ ಸ್ನಾನ, ಬಟ್ಟೆ, ಈಜುಕೊಳಕ್ಕೆ ನೀರು ಎಲ್ಲಿಂದ, ಬಳಸಿದ ನೀರು ಎಲ್ಲಿಗೆ ಎಂಬುದು ಮೊದಲ ಪ್ರಶ್ನೆಯಾಗಬೇಕು.

ಎರಡನೆಯದು ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ತಿಳಿನೀರು. ಪ್ರವಾಸಿಗೆ ಅದು ನೋಟ, ಮೀನುಗಾರನಿಗೆ ಗದ್ದೆ. ದ್ವೀಪದವರು ಸೂರೆ ಮೀನನ್ನು ಗಾಳದ ಕೋಲಿನಿಂದ ಹಿಡಿಯುತ್ತಾರೆ. ಅದಕ್ಕೆ ಎರೆಯಾಗಿ ಬೇಕಾದ ಜೀವಂತ ಸಣ್ಣ ಮೀನು ಸಿಗುವುದು ಇದೇ ಲಗೂನಿನಲ್ಲಿ. ದಿಬ್ಬವೇ ಅಲೆಗೆ ತಡೆಗೋಡೆಯೂ ಹೌದು. 1998, 2010, 2016, ಮತ್ತೆ 2024ರಲ್ಲಿ ಸಮುದ್ರ ಕಾದು ಹವಳ ಬಿಳಿಚಿಕೊಂಡಿತು. ಮೊದಲೇ ಏಟು ತಿಂದ ಆ ದಿಬ್ಬದ ಒಳಗೆ ಕಂಬ ನೆಡುವ ಮುಂಚೆ ಹತ್ತು ಸಲ ಯೋಚಿಸಬೇಡವೇ?

ನಮ್ಮ ಪಾಲು ಏನು?

ನೇರ ಗೆರೆ ಎಳೆದರೆ ಕಡಮತ್‌ನಿಂದ ಕೊಚ್ಚಿ 400 ಕಿ.ಮೀ., ಮಂಗಳೂರು ಮುನ್ನೂರಕ್ಕಿಂತ ಕಡಿಮೆ. 2021ರಲ್ಲಿ ಸರಕನ್ನು ಬೇಪೂರಿನ ಬದಲು ಮಂಗಳೂರಿನಿಂದ ಸಾಗಿಸುವ ಮಾತು ಬಂದಾಗ ಕೇರಳದಲ್ಲಿ ಗದ್ದಲವಾಯಿತು, ಮಂಗಳೂರಿನಲ್ಲಿ ಖುಷಿಯಾಯಿತು. ಹಳೆಬಂದರಿನಲ್ಲಿ ಲಕ್ಷದ್ವೀಪಕ್ಕೆಂದೇ 65 ಕೋಟಿಯ ಜೆಟ್ಟಿಗೆ ಯೋಜನೆಯಾಯಿತು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ಗಂಟೆಯಲ್ಲಿ ಮಂಗಳೂರು ಮುಟ್ಟಿತು. ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಎಲ್ಲವೂ ಇಲ್ಲಿಂದ ಹೋಗಬೇಕಾದರೆ ನಮ್ಮ ವ್ಯಾಪಾರಿಗಳಿಗೆ ಲಾಭವೇ. ಲಾಭ ಬೇಡವೆಂದು ನಾನು ಹೇಳುವುದಿಲ್ಲ. ದ್ವೀಪದ ಹುಡುಗರಿಗೂ ಕೆಲಸ ಬೇಕು, ಹಾಗಾಗಿ ಪ್ರವಾಸಿಗಳು ಬರಬಾರದೆನ್ನುವುದೂ ಸರಿಯಲ್ಲ.

ಆದರೆ ‘ಹೊಳೆಗೆ ಹಾಕಿದರೂ ಅಳೆದು ಹಾಕು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿ, ಚುನಾಯಿತ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿಯೇ ದ್ವೀಪದ ಯೋಜನೆಗಳು ನಡೆಯಬೇಕೆಂದು ಹೇಳಿತ್ತು. ಅಳತೆಗೋಲು ಅಲ್ಲೇ ಇದೆ. ಗುತ್ತಿಗೆಯ ಹಣದಲ್ಲಿ ಪಂಚಾಯಿತಿಗೆಷ್ಟು, ಕೆಲಸದಲ್ಲಿ ಊರಿನವರಿಗೆಷ್ಟು, ದ್ವೀಪದವರೇ ತಮ್ಮ ಮನೆಗಳಲ್ಲಿ ಅತಿಥಿಗಳನ್ನಿಟ್ಟುಕೊಳ್ಳಲು ಸಾಲ ಪರವಾನಗಿ ಉಂಟೇ? ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಲಿ.

ನಕ್ಷೆಯಲ್ಲಿ ಗೆರೆ ಎಳೆದವರು ಅಂದು ಕಾಸರಗೋಡಿನವರನ್ನೂ ಕೇಳಲಿಲ್ಲ, ಕಡಮತ್‌ನವರನ್ನೂ ಕೇಳಲಿಲ್ಲ. ಕೇಳದೆ ತೀರ್ಮಾನಿಸಿದರೆ ಏನಾಗುತ್ತದೆಂದು ನಮಗೆ ಅನುಭವದಿಂದ ಗೊತ್ತು. ಹಾಗಿರುವಾಗ ಮಂಗಳೂರಿನ ಜೆಟ್ಟಿಯಲ್ಲಿ ಸಿಮೆಂಟು ಚೀಲ ಎಣಿಸುವ ನಮ್ಮವರು, ಅದು ಇಳಿಯುವ ಊರಿನವರನ್ನು ಈ ಸಲವಾದರೂ ಕೇಳಿದ್ದಾರೆಯೇ ಎಂದು ವಿಚಾರಿಸುವುದು ಬೇಡವೇ?